ಅಣ್ಣನ ಎದೆಯಲ್ಲಿ ಏದುಸಿರು

ಅಣ್ಣ ಆ ಸದ್ದಿನ ಮಾತು ಮೊದಲು ಎತ್ತಿದ್ದು ಒಂದು ಭಾನುವಾರ ಮಧ್ಯಾಹ್ನ. ಊಟ ಮುಗಿಸಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಎಡಮಗ್ಗುಲಾಗಿ ಮಲಗಿದ್ದವನು ಇದ್ದಕ್ಕಿದ್ದಂತೆ ತಲೆಯೆತ್ತಿ, "ಏ ತಂಗಿ, ಬಾಗಿಲಾಗೆ ನಾಯಿ ಬಂದೈತೇನು ನೋಡು" ಎಂದ.

ನಾನು ಎದ್ದು ಹೋಗಿ ನೋಡಿದೆ. ಓಣಿ ಬಿಸಿಲಿಗೆ ಬೆಳ್ಳಗೆ ಕಾದಿತ್ತು. ಎದುರುಮನೆಯವರು ಶೇಂಗಾ ಒಣಹಾಕಿ ಮೇಲೆ ಹಳೇ ಸೀರೆ ಹೊದಿಸಿದ್ದರು. ನಾಯಿಯಿರಲಿ, ಒಂದು ಕಾಗೆಯ ಸುಳಿವೂ ಇರಲಿಲ್ಲ.

"ಯಾವ ನಾಯೀನೂ ಇಲ್ಲ ಕಣಣ್ಣ."

"ಏದುಸಿರು ಬಿಡಾದು ಕೇಳ್ತೈತಲ್ಲೇ. ಬಿಸಿಲಾಗೆ ಓಡಿ ಬಂದು ಮಲಗಿದ ನಾಯಿ ಬಿಡ್ತೈತಲ್ಲ, ಹಂಗೆ."

ಎದ್ದು ಕೂತು ಕಿವಿಗೊಟ್ಟ. "ಈಗ ನಿಂತೋತು" ಎಂದ. ಮತ್ತೆ ಅದೇ ಮಗ್ಗುಲಿಗೆ ಒರಗಿದ. ಸ್ವಲ್ಪ ಹೊತ್ತಿನಲ್ಲಿ ಅವನ ಮುಖ ಬಿಗಿಯಾಯಿತು. "ಮತ್ತೆ ಬಂತು."

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲವದು. ಚಳ್ಳಕೆರೆ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನನಗೆ ಆಗಷ್ಟೇ ಟೀಚರ್ ಕೆಲಸ ಸಿಕ್ಕಿತ್ತು. ಚಳ್ಳಕೆರೆಯಲ್ಲೇ ಅಣ್ಣನ ಮನೆಯಲ್ಲಿದ್ದುಕೊಂಡು ದಿನವೂ ಬಸ್ಸಿಗೆ ಹೋಗಿ ಬರುತ್ತಿದ್ದೆ. ಅಣ್ಣ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಅರೆಯುವ ಯಂತ್ರ ನೋಡಿಕೊಳ್ಳುತ್ತಿದ್ದ. ಅವನ ಅಂಗಿಯಿಂದ ಹಿಡಿದು ನಮ್ಮ ಮನೆಯ ಗೋಡೆಯವರೆಗೂ ಹಿಂಡಿಯ ವಾಸನೆ ಹತ್ತಿಕೊಂಡಿತ್ತು. ಅವನಿಗೆ ಮದುವೆಯಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಅಪ್ಪ ಅವ್ವ ಮೊಳಕಾಲ್ಮುರು ಸೀಮೆಯ ನಮ್ಮ ಹಟ್ಟಿಯಲ್ಲಿ ಕುರಿ ಕಾಯ್ದುಕೊಂಡಿದ್ದರು.

ಮಿಲ್ಲಿನ ಗದ್ದಲದಲ್ಲಿ ಅಣ್ಣನಿಗೆ ಬೇರೆ ಯಾವ ಸದ್ದೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಎಡಮಗ್ಗುಲಿಗೆ ಮಲಗಿದಾಗ ಮಾತ್ರ ನಾಯಿ ಬರುತ್ತಿತ್ತು. ಹೀಗೆ ಹೇಳುವುದು ನಮಗೆ ರೂಢಿಯಾಗಿಬಿಟ್ಟಿತ್ತು. "ಇವತ್ತು ಬಂತಾ?" ಎಂದು ಅತ್ತಿಗೆ ಕೇಳಿದರೆ "ಬಂದಿತ್ತು" ಎನ್ನುತ್ತಿದ್ದ, ನೆಂಟರ ಸುದ್ದಿ ಹೇಳಿದ ಹಾಗೆ. ಮೊದಮೊದಲು ನಾವು ನಕ್ಕೆವು. ಆಮೇಲೆ ನಗು ನಿಂತಿತು.

ನಿಲ್ಲಲು ಕಾರಣ, ನಮಗೊಂದು ನಾಯಿ ಇತ್ತು. ನಾವು ಸಣ್ಣವರಿದ್ದಾಗ ಹಟ್ಟಿಯಲ್ಲಿ ಕುರಿ ಕಾಯುತ್ತಿದ್ದ ಕರೀ ನಾಯಿ. ಅಣ್ಣ ಎಲ್ಲಿ ಕುರಿ ತರುಬಿ ನಿಲ್ಲಿಸುತ್ತಿದ್ದನೋ ಅಲ್ಲಿ ಅದು. ಮುಳ್ಳುಬೇಲಿಯ ರೊಪ್ಪದಲ್ಲಿ ಕುರಿಗಳ ಪಕ್ಕ ಮಲಗುವಾಗ ಅವನ ಕಂಬಳಿಯೊಳಗೇ ನುಸುಳಿ ಎದೆಗೆ ಬೆನ್ನು ಕೊಟ್ಟು ಮಲಗುತ್ತಿತ್ತು. ರೊಟ್ಟಿ ಮುರಿದರೆ ಅದಕ್ಕೊಂದು ತುಂಡು, ಇವನಿಗೊಂದು ತುಂಡು. ಮುದಿಯಾಗಿ ಸತ್ತಿತು. ಸಾಯುವ ದಿನ ಜಾಲಿಬೇಲಿಯ ನೆರಳಲ್ಲಿ ಒಂದು ಮಗ್ಗುಲಿಗೆ ಬಿದ್ದುಕೊಂಡು ಮಧ್ಯಾಹ್ನವೆಲ್ಲ ಏದುಸಿರು ಬಿಟ್ಟಿತು. ಅಣ್ಣ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಅವ್ವ ಕರೆದರೂ ಉಣ್ಣಲು ಏಳಲಿಲ್ಲ.

ಅತ್ತಿಗೆ ಈ ಕತೆಯನ್ನು ನನ್ನಿಂದಲೇ ಕೇಳಿ ತಿಳಿದುಕೊಂಡಳು. ಮರುದಿನದಿಂದ ಬಾಗಿಲ ಪಕ್ಕದಲ್ಲಿ ಒಂದು ಮಣ್ಣಿನ ಬಟ್ಟಲಲ್ಲಿ ಹಾಲು, ಅದರಲ್ಲಿ ಅದ್ದಿದ ರೊಟ್ಟಿಚೂರು ಕಾಣಿಸತೊಡಗಿತು.

"ಯಾರಿಗಿದು?" ಎಂದೆ.

"ಬಂದು ಕರೀತೈತಲ್ಲ, ಅದಕ್ಕೆ. ತಿಂದ್ಕಂಡು ಸುಮ್ನೆ ಹೋಗ್ಲಿ" ಎಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಅಣ್ಣ ಮಲಗಿದ್ದಾಗ ಹತ್ತಿರ ಹೋಗಿ, "ಈಗ ಕೇಳ್ತೈತಾ?" ಎಂದೆ. ಹೂಂ ಎಂದ. ಅವನ ಪಕ್ಕ ಕೂತು ಬೆನ್ನಿಗೆ, ಎಡಗಡೆಯ ಹೆಗಲ ಮೂಳೆಯ ಕೆಳಗೆ, ಕಿವಿ ಹಚ್ಚಿದೆ. ಎದೆ ಬಡಿತ ಕೇಳಿಸಬೇಕಿತ್ತು. ಅದು ಕೇಳಿಸಿತು ಕೂಡ. ಆದರೆ ಅದರ ಬೆನ್ನಿಗೇ ಇನ್ನೊಂದು ಇತ್ತು. ಒರಟು ಉಸಿರು. ಹಹ್... ಹಹ್... ಹಹ್. ಅಣ್ಣನ ಉಸಿರಲ್ಲ ಅದು. ಅವನಿಗೆ ಉಸಿರು ಬಿಗಿಹಿಡಿ ಅಂದೆ, ಹಿಡಿದ. ಅದು ನಿಲ್ಲಲಿಲ್ಲ.

ನಾನು ಹಿಂದಕ್ಕೆ ಸರಿದ ರಭಸಕ್ಕೆ ನನ್ನ ಬೆನ್ನು ಗೋಡೆಗೆ ತಾಗಿತು. ಅಣ್ಣ ತಿರುಗಿ ನೋಡಿ, "ನಿನಗೂ ಕೇಳ್ತಲ್ಲ?" ಎಂದ. ಅವನ ದನಿಯಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಸಮಾಧಾನವಿತ್ತು. ಇಷ್ಟು ದಿನ ಅದನ್ನು ಒಬ್ಬನೇ ಕೇಳಿಸಿಕೊಂಡಿದ್ದನಲ್ಲ.

ಡಾಕ್ಟರ ಹತ್ತಿರ ಹೋಗೋಣವೆಂದು ನಾನೂ ಅತ್ತಿಗೆಯೂ ಗಂಟುಬಿದ್ದೆವು. ನಾಯಿ ಕೇಳಿಸುತ್ತದೆ ಎಂದು ಯಾವ ಡಾಕ್ಟರಿಗೆ ಹೇಳುವುದು ಎಂದು ಅವನು ಮುಂದೂಡಿದ. ಆಮೇಲೆ ಒಂದು ಬೆಳಿಗ್ಗೆ ಮಿಲ್ಲಿನಲ್ಲಿ ಮೂಟೆ ಎತ್ತಲು ಬಗ್ಗಿದವನು ಬಗ್ಗಿದ ಹಾಗೆಯೇ ನೆಲಕ್ಕೆ ಬಿದ್ದ. ಜೊತೆಯವರು ಆಟೋದಲ್ಲಿ ಹಾಕಿಕೊಂಡು ಸಂತೆಬೀದಿಯ ಕಡೆಯ ಡಾಕ್ಟರಲ್ಲಿಗೆ ತಂದರು. ನನಗೆ ಶಾಲೆಗೆ ಸುದ್ದಿ ಬಂದು ನಾನು ಓಡಿಹೋಗುವ ಹೊತ್ತಿಗೆ ಎಚ್ಚರವಾಗಿ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ.

ಡಾಕ್ಟರು ವಯಸ್ಸಾದವರು. ಅಣ್ಣನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಕೂರಿಸಿ ಕೇಳಿದರು, ಮಲಗಿಸಿ ಕೇಳಿದರು. ಕೊನೆಗೆ ಪಕ್ಕದ ಬೀದಿಗೆ ಕಳಿಸಿ ಎಕ್ಸ್‌ರೇ ತೆಗೆಸಿದರು. ಇನ್ನೂ ಒದ್ದೆಯಿದ್ದ ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನಾನು ಅವರ ಹೆಗಲ ಮೇಲಿಂದ ಇಣುಕಿದೆ. ಅಣ್ಣನ ಪಕ್ಕೆಲುಬುಗಳು ಹೊಗೆಯಲ್ಲಿ ನಿಂತ ಬೇಲಿಯ ಹಾಗಿದ್ದವು. ನಡುವೆ ಹೃದಯದ ಬಿಳೀ ನೆರಳು. ಅದರ ಎಡ ಅಂಚಿನಲ್ಲಿ, ಯಾರೋ ಒಳಗಿನಿಂದ ಮುಷ್ಟಿ ಕಟ್ಟಿ ಒತ್ತಿದ ಹಾಗೆ, ಒಂದು ದುಂಡನೆಯ ಉಬ್ಬು.

"ಇದೇನ್ರಿ?" ಎಂದೆ.

"ಗೊತ್ತಿಲ್ಲಮ್ಮ" ಎಂದರು. "ಎಕ್ಸ್‌ರೇದಾಗೆ ನೆರಳು ಮಾತ್ರ ಕಾಣ್ತೈತೆ. ಒಳಗೆ ಏನೈತೆ ಅಂತ ನೋಡಬೇಕಂದ್ರೆ ದಾವಣಗೆರೆಗೆ ಕರ್ಕಂಡು ಹೋಗ್ರಿ. ಎಕೋ ಅಂತ ಮಾಡ್ತಾರೆ. ತಡ ಮಾಡಬ್ಯಾಡ್ರಿ."

ಸುದ್ದಿ ಮುಟ್ಟಿದ ಕೂಡಲೇ ಅಪ್ಪ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಅವ್ವನ ಜೊತೆ ಬಂದಿಳಿದ. ಅವ್ವನ ತವರು ರಾಯದುರ್ಗದ ಕಡೆ. ಹೆದರಿಕೆಯಾದಾಗ ಅವಳ ಬಾಯಿಗೆ ತೆಲುಗೇ ಬರುತ್ತಿತ್ತು. ಬಾಗಿಲ ಪಕ್ಕದ ಹಾಲಿನ ಬಟ್ಟಲು ನೋಡಿ ಅತ್ತಿಗೆಯನ್ನು ವಿಚಾರಿಸಿದವಳು, ಉತ್ತರ ಕೇಳಿ ಅಲ್ಲೇ ಕುಸಿದು ಕೂತಳು. "ಕುಕ್ಕನಾ? ಮನ ಕುಕ್ಕೇನಾ?" ಎಂದಳು. ನಾಯಿಯಾ, ನಮ್ಮ ನಾಯಿಯೇನಾ ಎಂದು.

ಅವ್ವನನ್ನೂ ಅತ್ತಿಗೆಯನ್ನೂ ಮನೆಯಲ್ಲಿ ಬಿಟ್ಟು ಅಪ್ಪ, ನಾನು, ಅಣ್ಣ ಮೂವರೇ ದಾವಣಗೆರೆಗೆ ಹೋದೆವು.

ಹಾಡುಹಗಲಿನಲ್ಲೂ ಆ ಕೋಣೆ ಕತ್ತಲಾಗಿತ್ತು. ಕಿಟಕಿಗೆ ದಪ್ಪ ಕಪ್ಪು ಪರದೆ ಎಳೆದಿದ್ದರು. ಬೆಳಕೆಂದರೆ ಯಂತ್ರದ ಪರದೆಯ ಬೂದುಬಣ್ಣ ಮಾತ್ರ. ಹೃದಯದ ಡಾಕ್ಟರು ಒಬ್ಬ ಹೆಂಗಸು, ಮೆಲುದನಿಯವರು. ಅಣ್ಣನ ಅಂಗಿ ಬಿಚ್ಚಿಸಿ, ಗೋಡೆಯ ಕಡೆ ಮುಖ ಮಾಡಿ ಎಡಮಗ್ಗುಲಿಗೆ ಮಲಗಲು ಹೇಳಿದರು. ಎದೆಗೆ ತಣ್ಣನೆಯ ಅಂಟು ಹಚ್ಚಿ, ಸಾಬೂನಿನಷ್ಟು ಗಾತ್ರದ ಒಂದು ಉಪಕರಣವನ್ನು ಪಕ್ಕೆಲುಬುಗಳ ನಡುವೆ ಒತ್ತಿದರು. "ನೋವಾಗಲ್ಲ. ಇದು ಬರೀ ಸದ್ದು. ನಮ್ಮ ಕಿವಿಗೆ ಕೇಳಿಸದಂಥ ಸದ್ದನ್ನ ಒಳಗೆ ಕಳಿಸ್ತೀವಿ. ಅದು ತಿರುಗಿ ಬಂದು ಚಿತ್ರ ಕಾಣಿಸುತ್ತೆ" ಎಂದರು.

ಪರದೆಯ ಮೇಲೆ ಬೀಸಣಿಗೆಯಾಕಾರದ ಬೆಳಕು ಹರಡಿತು. ಅದರೊಳಗೆ ಬೂದುಬಣ್ಣದ ಗೋಡೆಗಳು ಹಿಗ್ಗಿ ಕುಗ್ಗುತ್ತಿದ್ದವು, ಸಣ್ಣ ಬಾಗಿಲುಗಳು ತೆರೆದು ಮುಚ್ಚುತ್ತಿದ್ದವು. ನನ್ನ ಅಣ್ಣನ ಹೃದಯವನ್ನು ನಾನು ನೋಡುತ್ತಿದ್ದೆ. ನೋಡಬಾರದ್ದನ್ನು ಕದ್ದು ನೋಡಿದಂತೆ ಮುಜುಗರವಾಯಿತು.

ಅಲ್ಲಿಯವರೆಗೆ ಒಂದೊಂದೇ ತೋರಿಸಿ ಹೇಳುತ್ತಿದ್ದ ಡಾಕ್ಟರು ಮಾತು ನಿಲ್ಲಿಸಿದರು.

ಎಡಗಡೆಯ ಗೋಡೆಯಲ್ಲಿ ಒಂದು ದುಂಡು ಕಪ್ಪು ಇತ್ತು. ಕೈವಾರದಲ್ಲಿ ಎಳೆದಷ್ಟು ದುಂಡು. ಹೃದಯವೆಲ್ಲ ಕುಣಿಯುತ್ತಿದ್ದರೂ ಅದರ ಆಕಾರ ಒಂದಿಷ್ಟೂ ಬದಲಾಗುತ್ತಿರಲಿಲ್ಲ. ಒಳಗೆ ಇನ್ನೂ ಸಣ್ಣ ಸಣ್ಣ ವೃತ್ತಗಳು, ಕೆರೆಯಂಚಿನಲ್ಲಿ ಕಪ್ಪೆ ಇಟ್ಟ ಮೊಟ್ಟೆಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡಿದ್ದವು. ಡಾಕ್ಟರು ಅಣ್ಣನಿಗೆ ಸ್ವಲ್ಪ ಅಂಗಾತವಾಗಲು ಹೇಳಿದರು. ಅವನು ಹೊರಳಿದಾಗ ಆ ಕಪ್ಪಿನ ತಳದಿಂದ ಬೆಳ್ಳನೆಯ ಪುಡಿಯಂಥದ್ದು ಎದ್ದಿತು. ಎದ್ದು, ಗಾಳಿಯಿಲ್ಲದ ಮನೆಯ ಧೂಳಿನಂತೆ, ನಿಧಾನವಾಗಿ ಕೆಳಗಿಳಿಯಿತು.

ಅವರು ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಇಬ್ಬರೂ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. "ರಕ್ತ ಹರಿಯೋದನ್ನ ಕೇಳೋಣ" ಎನ್ನುತ್ತಾ ಡಾಕ್ಟರಮ್ಮ ಒಂದು ಗುಂಡಿ ಒತ್ತಿದರು.

ಕೋಣೆಯ ತುಂಬ ನಾಯಿಯ ಏದುಸಿರು.

ಹಹ್, ಹಹ್, ಹಹ್. ಯಂತ್ರದ ಸ್ಪೀಕರಿನಿಂದ, ಎಲ್ಲರಿಗೂ ಕೇಳುವಷ್ಟು ಜೋರಾಗಿ. ಅಪ್ಪ ತಾನು ಕೂತಿದ್ದ ಸ್ಟೂಲಿನಿಂದ ಎದ್ದುನಿಂತು ಕೋಣೆಯ ಮೂಲೆಗಳನ್ನು ನೋಡಿದ. ಪರದೆ ಕಾಣಿಸದ ಹಾಗೆ ಗೋಡೆಗೆ ಮುಖ ಮಾಡಿದ್ದ ಅಣ್ಣ, ಅಲುಗಾಡದೆ, "ಇದೇ ನೋಡು ತಂಗಿ. ಇದೇ" ಎಂದ.

ಡಾಕ್ಟರಿಗೆ ಆ ಮಾತು ಅರ್ಥವಾಗಲಿಲ್ಲ. ನಾವು ಅವರಿಗೆ ತಲೆಸುತ್ತಿ ಬಿದ್ದಿದ್ದ ಎಂದಷ್ಟೇ ಹೇಳಿದ್ದೆವು. ಸದ್ದಿನ ವಿಷಯವನ್ನು ಅಣ್ಣ ಬಾಯಿಬಿಡಬೇಡಿ ಎಂದಿದ್ದ. ಅವರು ಸದ್ದು ನಿಲ್ಲಿಸಿ, ಅಣ್ಣನ ಎದೆ ಒರೆಸಲು ಬಟ್ಟೆ ಕೊಟ್ಟು, ಅಪ್ಪನ ಕಡೆ ತಿರುಗಿ ಕೇಳಿದರು:

"ನೀವು ನಾಯಿ ಸಾಕಿದ್ರಾ?"

ಅಪ್ಪ ತಡಕಿ ಮತ್ತೆ ಸ್ಟೂಲಿನ ಮೇಲೆ ಕೂತ.

"ಇತ್ತು ತಾಯಿ. ಅದು ಸತ್ತು ಬಾಳ ವರ್ಷ ಆತು. ನಿಮಗೆ ಹ್ಯಂಗೆ ಗೊತ್ತು?"

"ಕುರಿ ಇದಾವಾ?"

"ಕುರಿಯೋರೇ ನಾವು."

ಅವರು ತಲೆಯಾಡಿಸಿದರು. ಬೆಳಕು ಹಾಕಿಸಿ, ಅಣ್ಣನನ್ನು ಎದುರಿಗೆ ಕೂರಿಸಿಕೊಂಡು, ಕಾಗದದ ಮೇಲೆ ನಾಯಿ, ಕುರಿ, ಮನುಷ್ಯ ಮೂರನ್ನೂ ಬರೆದು ವಿವರಿಸಿದರು. ನಾಯಿಯ ಕರುಳಲ್ಲಿ ಒಂದು ಜಾತಿಯ ಸಣ್ಣ ಹುಳು ಇರುತ್ತದೆ. ಅದರ ಮೊಟ್ಟೆ ನಾಯಿಯ ಮಲದಲ್ಲಿ ಬಿದ್ದು ನಾಯಿಯ ಕೂದಲಿಗೂ ಹತ್ತುತ್ತದೆ. ನಾಯಿಯನ್ನು ಮುಟ್ಟಿದ ಕೈ ಬಾಯಿಗೆ ಹೋದರೆ ಮೊಟ್ಟೆ ಒಳಗೆ ಸೇರುತ್ತದೆ. ರಕ್ತದ ಜೊತೆ ಹೋಗಿ ಸಾಮಾನ್ಯವಾಗಿ ಈಲಿಯಲ್ಲೋ, ಅಂದರೆ ಲಿವರಿನಲ್ಲೋ, ಶ್ವಾಸಕೋಶದಲ್ಲೋ ನೀರಿನ ಗುಳ್ಳೆಯಾಗಿ ಕೂರುತ್ತದೆ. ಹೃದಯಕ್ಕೆ ಹೋಗುವುದು ಬಹಳ ಅಪರೂಪ. "ನಾನು ಇದನ್ನ ಪುಸ್ತಕದಲ್ಲಿ ನೋಡಿದ್ದೆ ಅಷ್ಟೆ" ಎಂದರು.

"ನಾಯಿ ಸತ್ತು ಅಷ್ಟು ವರ್ಷ ಆಗೈತಲ್ರಿ ಮೇಡಂ?" ಎಂದೆ.

"ಇದು ನಿಧಾನ ಬೆಳೆಯುತ್ತೆ. ಇವರು ಚಿಕ್ಕವರಿದ್ದಾಗ ಸೇರಿಕೊಂಡಿದ್ದಿರಬೇಕು. ಈಗ ದೊಡ್ಡದಾಗಿ ರಕ್ತ ಹೋಗೋ ದಾರಿಗೆ ಅಡ್ಡ ಬಂದಿದೆ. ಆ ಸದ್ದು ಅದರದ್ದೇ."

ಅಪ್ಪ ಕೇಳಿದ, "ಜೀವ ಐತೇನ್ ತಾಯಿ ಅದಕ್ಕೆ?"

"ಇದೆ" ಎಂದರು.

ಅಣ್ಣ ತನ್ನ ಎದೆಯನ್ನೊಮ್ಮೆ ನೋಡಿಕೊಂಡು, ಅಂಗಿಯ ಗುಂಡಿಗಳನ್ನು ಮೇಲಿನವರೆಗೂ ಹಾಕಿಕೊಂಡ.

ಒಡೆದರೆ ಕಷ್ಟ ಎಂದೂ ಹೇಳಿದರು. ಒಳಗಿನ ನೀರು ರಕ್ತಕ್ಕೆ ಸೇರಿದರೆ ನಿಂತ ನಿಲುವಿನಲ್ಲೇ ಜೀವ ಹೋಗಬಹುದು. ಓಡಬಾರದು, ಭಾರ ಎತ್ತಬಾರದು, ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಲೇಬೇಕು. ಅಲ್ಲಿಂದ ಮುಂದೆ ನಾವು ಅಣ್ಣನನ್ನು ಅಂಚಿನವರೆಗೆ ನೀರು ತುಂಬಿದ ಕೊಡದ ಹಾಗೆ ಸಾಗಿಸಿದೆವು. ಬೆಂಗಳೂರಿನ ಬಸ್ಸಿನಲ್ಲಿ ಅಪ್ಪ ರಸ್ತೆಯ ಪ್ರತಿ ಉಬ್ಬಿಗೂ ಅಣ್ಣನ ಎದೆಗೆ ಅಡ್ಡಲಾಗಿ ತನ್ನ ಕೈ ಹಿಡಿಯುತ್ತಿದ್ದ. ಹಿರಿಯೂರು ದಾಟಿದ ಮೇಲೆ ಅಣ್ಣನಿಗೆ ನಿದ್ದೆ ಬಂದು ನನ್ನ ಹೆಗಲಿಗೆ ವಾಲಿದ. ಅವನ ಎಡ ಪಕ್ಕ ನನಗೆ ಒತ್ತಿಕೊಂಡಿತ್ತು. ಬಸ್ಸಿನ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಆದರೂ ಅಲ್ಲಿ ನಾವು ಮೂವರಲ್ಲ, ನಾಲ್ವರಿದ್ದೇವೆ ಅನ್ನಿಸಿತು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಅವನನ್ನು ಸಿ.ಟಿ. ಸ್ಕ್ಯಾನ್ ಯಂತ್ರದ ಸುರಂಗಕ್ಕೆ ತಳ್ಳಿ ಎದೆಯನ್ನು ಬಿಲ್ಲೆ ಬಿಲ್ಲೆಯಾಗಿ ಚಿತ್ರ ತೆಗೆದರು. ಚಿತ್ರಗಳನ್ನು ನೋಡಲು ಬೇರೆ ವಾರ್ಡಿನ ಡಾಕ್ಟರುಗಳೂ, ಓದುವ ಹುಡುಗರೂ ಬಂದರು. ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಆದರೆ ಅವರ ಕಣ್ಣು ಅಣ್ಣನ ಮುಖದ ಮೇಲೆ ನಿಲ್ಲುತ್ತಿರಲಿಲ್ಲ, ಎದೆಗೆ ಇಳಿಯುತ್ತಿತ್ತು.

"ಅದನ್ನ ನೋಡಾಕೆ ಬರ್ತಾರೆ ಕಣೇ" ಎಂದ ಅಣ್ಣ. "ನಾನು ಅದರ ಮನೆ, ಅಷ್ಟೆ."

ಆಪರೇಷನ್ನಿನ ಹಿಂದಿನ ಸಂಜೆ ಅವನು ಅಪ್ಪನನ್ನು ಕೇಳಿದ: "ಅಪ್ಪಾ, ಅದಕ್ಕೆ ಗೊತ್ತಿರಲಿಲ್ಲ ಅಲ್ವಾ?"

ಯಾವುದಕ್ಕೆ ಎಂದು ಅಪ್ಪ ಕೇಳಲಿಲ್ಲ. "ನಾಯಿಗೇನು ಗೊತ್ತಾಗ್ತೈತಪ್ಪ. ನಿನ್ನ ಕಂಡ್ರೆ ಪ್ರಾಣ ಅದಕ್ಕೆ" ಎಂದ. ಆಮೇಲೆ ಮುಖ ತೊಳೆದುಕೊಂಡು ಬರುತ್ತೇನೆಂದು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನ ದಾಟಿದ ಮೇಲೆ ಹೊರಗೆ ಬಂದರು. ಸರ್ಜನ್ ಬೆವರಿದ್ದರು, ಆದರೆ ನಗುತ್ತಿದ್ದರು. ಸುತ್ತಲೂ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ತುಂಬಿ, ಒಂದು ಹನಿಯೂ ಹೊರಬೀಳದಂತೆ ಗುಳ್ಳೆಯ ನೀರು ಹೀರಿ, ಪೊರೆಯನ್ನು ಇಡಿಯಾಗಿ ತೆಗೆದೆವು ಎಂದರು. ತೋರಿಸಲೇ ಎಂದು ಕೇಳಿದರು. ನಾನು ಬೇಡವೆನ್ನುವಷ್ಟರಲ್ಲಿ ಅಪ್ಪ ಮುಂದೆ ಹೋಗಿದ್ದ.

ಗಾಜಿನ ಪಾತ್ರೆಯಲ್ಲಿ ಬೇಯಿಸಿದ ಮೊಟ್ಟೆಯ ಬಿಳಿಯಂಥ ಮೆತ್ತನೆಯ ಪೊರೆ ಮಡಿಚಿಕೊಂಡು ಬಿದ್ದಿತ್ತು. ಅದರ ಪಕ್ಕದಲ್ಲಿ ದ್ರಾಕ್ಷಿಯಷ್ಟು, ಕಡಲೆಯಷ್ಟು ಗಾತ್ರದ ತಿಳಿಗುಳ್ಳೆಗಳು. ಕಿಟಕಿಯ ಬೆಳಕು ಅವುಗಳೊಳಗಿಂದ ಹಾದು ಬರುತ್ತಿತ್ತು. ಅಸಹ್ಯವಾಗಿರಬೇಕಿದ್ದ ಅದು ಚೆಂದವಾಗಿತ್ತು. ಅದೇ ನನಗೆ ಭಯ ಹುಟ್ಟಿಸಿದ್ದು.

ಅಪ್ಪ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದ.

"ಇದು ನನಗೆ ಗೊತ್ತೈತೆ" ಎಂದ. "ಕುರಿ ಕೊಯ್ದಾಗ ಈಲಿ ಮ್ಯಾಲೆ ಇರ್ತಾವು. ನೀರು ತುಂಬಿರ್ತಾವು. ತಿನ್ನಾಕೆ ಬರಾದಿಲ್ಲ ಅಂತ ಕಿತ್ತು ನಾಯಿಗೆ ಎಸಿತೀವಿ. ನಾನೇ ಎಸೀತಿದ್ದೆ. ಈ ಕೈಯಾಗೆ."

ಸರ್ಜನ್ ಅವನ ಹೆಗಲ ಮೇಲೆ ಕೈಯಿಟ್ಟು, "ಹಾಗೇ ಯಜಮಾನರೇ, ನಾಯಿಗೆ ಬರೋದು ಅದನ್ನ ತಿಂದೇ. ಇನ್ನು ಮುಂದೆ ಹೂಳಿಬಿಡಿ" ಎಂದರು.

ಅಪ್ಪ ಹಟ್ಟಿಗೆ ಮರಳಿದ ವಾರದಲ್ಲೇ ಬಂಡೆಗಳ ಸಂದಿಯಲ್ಲಿ ಆಳವಾದ ಗುಂಡಿ ತೋಡಿದ. ಯಾರ ಮನೆಯಲ್ಲಿ ಕುರಿ ಕೊಯ್ದರೂ ಹೋಗಿ ನಿಂತು, ಗುಳ್ಳೆ ಕಂಡ ಈಲಿಯನ್ನು ಇಸಿದುಕೊಂಡು ಬಂದು ಹೂತು ಮೇಲೆ ಕಲ್ಲು ಹೇರುತ್ತಿದ್ದ. ಮೊದಲು ಜನ ಅವನಿಗೆ ಮರುಳು ಎಂದರು. ಮುದುಕನೊಬ್ಬ, "ಲೇ, ನಮ್ಮಪ್ಪನ ಕಾಲದಿಂದ ನಾಯಿಗೆ ಹಾಕ್ತಾ ಬಂದೀವಿ, ಯಾರಿಗೇನಾಗೈತೆ?" ಎಂದು ಜಗಳ ತೆಗೆದ. ಅಪ್ಪ ವಾದಿಸಲಿಲ್ಲ. ಅಣ್ಣ ಊರಿಗೆ ಬಂದಾಗ ಅಂಗಿ ಬಿಚ್ಚಿಸಿ, ಎದೆಯ ನಡುವೆ ಮೇಲಿಂದ ಕೆಳಗೆ ಇಳಿದಿದ್ದ ಗಾಯದ ಗೆರೆಯನ್ನು ಅವರಿಗೆ ತೋರಿಸಿದ.

ಅಣ್ಣ ತಿಂಗಳುಗಟ್ಟಲೆ ಹುಳುವಿನ ಮಾತ್ರೆ ನುಂಗಿದ. ಎರಡನೆಯ ಎಕೋದಲ್ಲಿ ಆ ಕಪ್ಪು ಇದ್ದ ಜಾಗದಲ್ಲಿ ಬೆಳ್ಳನೆಯ ಕಲೆಯಷ್ಟೇ ಕಂಡಿತು. ಮಿಲ್ಲಿನ ಮಾಲೀಕರು ಭಾರವಿಲ್ಲದ ಕೆಲಸಕ್ಕೆ, ತೂಕದ ಕಾಟಾ ನೋಡಿಕೊಳ್ಳಲು ಹಾಕಿಕೊಂಡರು. ಅತ್ತಿಗೆ ಹಾಲಿನ ಬಟ್ಟಲನ್ನು ತೆಗೆದದ್ದು ಯಾವಾಗಲೋ ನಾನು ಗಮನಿಸಲಿಲ್ಲ. ಅಣ್ಣನಿಗೆ ಮಾತ್ರ ಎಡಮಗ್ಗುಲಿಗೆ ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಯಾಕೆ ಎಂದರೆ, "ಬಾಳ ಸುಮ್ಕೈತೆ ಕಣೇ" ಎನ್ನುತ್ತಿದ್ದ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆವು. ಆದರೆ ಮನೆಯವರೆಲ್ಲ ಒಂದೇ ನಾಯಿಯ ಜೊತೆ ಇದ್ದವರಾದ್ದರಿಂದ ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಎಂದು ದಾವಣಗೆರೆಯ ಡಾಕ್ಟರಮ್ಮ ಹೇಳಿದ್ದರು. ಚಿತ್ರದುರ್ಗದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಅಪ್ಪ, ಅವ್ವ, ನಾನು ಮೂವರೂ ಹೋದೆವು. ಕುರಿಯ ಈಲಿಯನ್ನು ಬರಿಗೈಯಲ್ಲಿ ಹರಿದು ಎಸೆದ ಅಪ್ಪನ ಹೊಟ್ಟೆ ಶುದ್ಧವಾಗಿತ್ತು. ಅವ್ವನದೂ. ನಾನು ಕೊನೆಗೆ ಮಲಗಿದೆ. ತಣ್ಣನೆಯ ಅಂಟು, ಅದೇ ಬಗೆಯ ಬೂದು ಬೀಸಣಿಗೆ. ಬಲಗಡೆ ಪಕ್ಕೆಲುಬಿನ ಕೆಳಗೆ ಬಂದಾಗ ಡಾಕ್ಟರ ಕೈ ನಿಂತಿತು.

ಕೈ ನಿಂತರೆ ಏನರ್ಥ ಎಂದು ಆಗ ನನಗೆ ಗೊತ್ತಿತ್ತು.

"ಐತೇನ್ರಿ?" ಎಂದೆ.

ಅವರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಈಲಿಯ ಒಳಗೆ ಉಗುರಿನ ಅಂಚಿನಂಥ ಒಂದು ಬಿಳೀ ಕಮಾನು ಹೊಳೆಯುತ್ತಿತ್ತು. ಅದರ ಹಿಂದೆ ಉದ್ದಕ್ಕೂ ಕಪ್ಪು ನೆರಳು.

"ಹೆದರಬೇಡಿ, ಇದು ಸತ್ತಿದೆ" ಎಂದರು. "ನಿಮ್ಮ ಮೈಯೇ ಅದರ ಸುತ್ತ ಸುಣ್ಣ ಕಟ್ಟಿ ಮುಚ್ಚಿಬಿಟ್ಟಿದೆ. ಸುಣ್ಣವನ್ನ ಸದ್ದು ದಾಟೋದಿಲ್ಲ, ಅದಕ್ಕೇ ಹಿಂದೆ ಕತ್ತಲು. ತೆಗೆಯೋದು ಬೇಡ. ವರ್ಷಕ್ಕೊಮ್ಮೆ ನೋಡಿದರೆ ಸಾಕು."

ಹೊರಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಬಸ್‌ಸ್ಟ್ಯಾಂಡಿನವರೆಗೂ ನನ್ನ ಬಲಗಡೆಯಲ್ಲೇ, ಜನ ನನಗೆ ತಾಗದಂತೆ ಅಡ್ಡವಾಗಿ ನಡೆದುಬಂದ.

ಆಮೇಲೆ ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ನಾನು ಹೋಗಿ ಮಲಗಿ ಬರುತ್ತಿದ್ದೆ. ಅಣ್ಣ ಜೊತೆಗೆ ಬರುತ್ತಿದ್ದ, ಕೋಣೆಯೊಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಒಂದು ವರ್ಷ ಅಲ್ಲಿ ಹೊಸದಾಗಿ ಬಂದಿದ್ದ ಡಾಕ್ಟರ್ ಹುಡುಗಿ, ನನ್ನ ಹಳೆಯ ಫಿಲ್ಮುಗಳನ್ನು ನೋಡದೆ ಸ್ಕ್ಯಾನ್ ಶುರುಮಾಡಿ, ಬಿಳೀ ಕಮಾನಿನ ಹತ್ತಿರ ಬೆಚ್ಚಿ ನಿಂತಳು. "ಮೇಡಂ, ನಿಮಗೆ ಇಲ್ಲಿ ಒಂದು..." ಎಂದು ಹೇಗೆ ಹೇಳಬೇಕೋ ತಿಳಿಯದೆ ತಡವರಿಸಿದಳು. ಗೊತ್ತಮ್ಮ, ಅಳತೆ ತಗೊಳ್ಳಿ ಅಂದೆ. ಹಿಂದಿನ ವರ್ಷದಷ್ಟೇ ಇತ್ತು.

ಹೊರಗೆ ಬಂದಾಗ ಅಣ್ಣ ಬೇವಿನ ಮರದ ಕೆಳಗೆ ನಿಂತಿದ್ದ. "ಬೆಳೆದೈತಾ?" ಎಂದ.

"ಇಲ್ಲ. ಅಷ್ಟೇ ಐತೆ."

"ಸರಿ ಹಂಗಾದ್ರೆ. ಬಾ, ಕಬ್ಬಿನ ಹಾಲು ಕುಡಿಯಾನ" ಎಂದು ರಸ್ತೆ ದಾಟಿದ.